ಎಚ್‌ಐವಿ ಇರುವ 15ರ ಮಗಳು ಮಂಡ್ಯದಲ್ಲಿ ಹಾಸ್ಟೆಲ್ ಸೇರುತ್ತಿದ್ದಾಳೆ. ಮಾತ್ರೆ ತಾನೇ ನೋಡಿಕೊಳ್ಳಲು ಹೇಗೆ ಕಲಿಸೋದು?

ಮೊದಲು ಕಾಯಿಲೆಯ ಹೆಸರು ಅವಳಿಗೆ ಗೊತ್ತಿರಬೇಕು. ಇಲ್ಲದಿದ್ದರೆ ‘ಚೆನ್ನಾಗೇ ಇದ್ದೀನಲ್ಲ’ ಅಂತ ಮಕ್ಕಳು ಮಾತ್ರೆ ನಿಲ್ಲಿಸಿಬಿಡ್ತಾರೆ. ಹೇಳೋದು ಕಷ್ಟವಾದರೆ ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್‌ನ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರದ ಆಪ್ತಸಮಾಲೋಚಕರ ಎದುರೇ ಹೇಳಿ.

ಡಬ್ಬಿ ಈಗಿನಿಂದಲೇ ಅವಳ ಕೈಗೆ ಕೊಡಿ. ನೀವು ಭಾನುವಾರ ಎಣಿಸಿದರೆ ಸಾಕು. ಟಿಎಲ್‌ಡಿ (ಮೂರು ಎಚ್‌ಐವಿ ಔಷಧಿ ಸೇರಿದ ಮಾತ್ರೆ) ಆದರೆ ದಿನಕ್ಕೊಂದೇ ಮಾತ್ರೆ, ರಾತ್ರಿ ಊಟದ ಹೊತ್ತಿಗೆ. ಮರೆತರೆ ನೆನಪಾದ ಕೂಡಲೇ ನುಂಗಲಿ. ಮುಂದಿನದಕ್ಕೆ 4 ಗಂಟೆಯೂ ಉಳಿದಿಲ್ಲದಿದ್ದರೆ ಬಿಡಲಿ. ಎರಡು ಒಟ್ಟಿಗೆ ಬೇಡ.

ಎಡವೋದು ಶಾಲೆಯ ಕಬ್ಬಿಣದ ಮಾತ್ರೆಯಲ್ಲಿ. ಖಾಲಿ ಹೊಟ್ಟೆಗೆ ಎರಡೂ ಬಿದ್ದರೆ ಟಿಎಲ್‌ಡಿಯಲ್ಲಿರೋ ಡೊಲುಟೆಗ್ರಾವಿರ್ ಔಷಧಿ ಕಬ್ಬಿಣಕ್ಕೆ ಅಂಟಿಕೊಂಡು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಕಬ್ಬಿಣ ಮಧ್ಯಾಹ್ನ ಊಟದ ಮೇಲೆ ತಗೊಂಡರೆ ರಾತ್ರಿಯ ಮಾತ್ರೆಗೆ ತೊಂದರೆಯಿಲ್ಲ. ಅಸಿಡಿಟಿ, ಕ್ಯಾಲ್ಸಿಯಂ ಮಾತ್ರೆ ತಗೊಳ್ಳೋ ಮುಂಚೆಯೂ ಕೇಂದ್ರದಲ್ಲಿ ಕೇಳಲಿ.

ವೈರಲ್ ಲೋಡ್ (ರಕ್ತದಲ್ಲಿರೋ ವೈರಸ್ ಪ್ರಮಾಣ) ಎಷ್ಟು ಬಂತು ಅಂತ ಡಾಕ್ಟರನ್ನು ಅವಳೇ ಕೇಳಲಿ, ನೀವು ಪಕ್ಕದಲ್ಲಿ ಸುಮ್ಮನಿರಿ.