ಸಂಪಾದಕರ ಉತ್ತರ: ಹಾಡಿನೊಳಗೆ ಕಾಲ ಎಲ್ಲಿ ಅಡಗಿದೆ?

ಹಾಸನದಲ್ಲಿ ಮಕ್ಕಳಿಗೆ ಸಂಗೀತ ಪಾಠ ಹೇಳುವ ಓದುಗರೊಬ್ಬರ ಪತ್ರ ಬಂದಿದೆ. ಉಪನ್ಯಾಸವೊಂದರಲ್ಲಿ 'ಪ್ರತಿಯೊಂದು ಕೃತಿಯೂ ತನ್ನ ಕಾಲದ ಕನ್ನಡಿ' ಎಂಬ ಮಾತು ಕೇಳಿದರಂತೆ. ಅದನ್ನು ಪಾಠದಲ್ಲಿ ಹೇಳಿದಾಗ ವಿದ್ಯಾರ್ಥಿನಿಯೊಬ್ಬಳು ಕೇಳಿದಳಂತೆ: 'ತ್ಯಾಗರಾಜರು ಹುಡುಗರಾಗಿದ್ದಾಗ ಹೈದರಾಲಿಯ ದಂಡು ತಂಜಾವೂರು ಸೀಮೆಗೆ ನುಗ್ಗಿತ್ತಲ್ಲ, ಅದು ಯಾವ ಕೀರ್ತನೆಯಲ್ಲಿದೆ?' ಉತ್ತರ ತೋಚಲಿಲ್ಲ ಎಂದು ಬರೆದಿದ್ದಾರೆ. ಇದೇ ವಿಷಯ ಇಟ್ಟುಕೊಂಡು ಒಂದೂವರೆ ಗಂಟೆಯ ಕಾರ್ಯಕ್ರಮ ಮಾಡಬೇಕೆಂದಿದ್ದಾರೆ. ಏನು ಹಾಡಿಸಬೇಕು ಎಂಬುದು ಎರಡನೆಯ ಪ್ರಶ್ನೆ.

ನಮಸ್ಕಾರ. ಆ ಹುಡುಗಿಯ ಪ್ರಶ್ನೆ ಬಹಳ ಸರಿಯಾದದ್ದು. ಹೈದರನ ದಂಡು ಬಂದದ್ದು 1781ರಲ್ಲಿ, ಆಗ ತ್ಯಾಗರಾಜರಿಗೆ ಹದಿನಾಲ್ಕು ವರ್ಷ. ಅವರ ಕೀರ್ತನೆಗಳಲ್ಲಿ ಆ ಸುದ್ದಿ ಹುಡುಕಿದರೆ ಸಿಗುವುದಿಲ್ಲ. ಕರ್ನಾಟಕ ಸಂಗೀತದ ಸಾಹಿತ್ಯ ಸುದ್ದಿ ಹೇಳುವ ಸಾಹಿತ್ಯವಲ್ಲ. ವಾಗ್ಗೇಯಕಾರರ, ಅಂದರೆ ಹಾಡಿನ ಮಾತನ್ನೂ ರಾಗವನ್ನೂ ತಾವೇ ಕಟ್ಟುವವರ, ಕೈಗೆ ಆ ಹೊತ್ತಿಗೆ ಏನೇನು ಒದಗಿತ್ತು ಎಂದು ನೋಡಿದರೆ ಕಾಲ ಕಾಣುತ್ತದೆ. ಯಾವ ಭಾಷೆ, ಯಾವ ವಾದ್ಯ, ಹಾಡಿಗೆ ಯಾವ ಕಟ್ಟು, ಅನ್ನ ಹಾಕುತ್ತಿದ್ದವರು ಯಾರು, ಕೇಳುತ್ತಿದ್ದವರು ಎಷ್ಟು ದೂರ ಕೂತಿದ್ದರು, ಇವೇ ಗುರುತುಗಳು.

ಪುರಂದರದಾಸರಿಂದ ಶುರುಮಾಡೋಣ. ಸಂಪ್ರದಾಯ ಹೇಳುವ ಕಾಲ 1484ರಿಂದ 1564. ಅವರು ಕಣ್ಮುಚ್ಚಿದ ಮರುವರ್ಷವೇ ರಕ್ಕಸ ತಂಗಡಿಯಲ್ಲಿ ವಿಜಯನಗರ ಸೋತಿತು. ಅಂದರೆ ಅವರು ಬಾಳಿದ್ದು ಪೇಟೆ ತುಂಬಿ ತುಳುಕುತ್ತಿದ್ದ ಕಾಲದಲ್ಲಿ. 'ಕಲ್ಲುಸಕ್ಕರೆ ಕೊಳ್ಳಿರೊ' ಹಾಡಿನ ಮೂರೂ ಚರಣಗಳನ್ನು ಮಕ್ಕಳಿಂದ ನಿಧಾನವಾಗಿ ಓದಿಸಿ. ಹರಿನಾಮವೆಂಬ ಸರಕಿನ ಹೆಚ್ಚುಗಾರಿಕೆ ಹೇಳಲು ದಾಸರು ಬಳಸಿದ್ದೆಲ್ಲ ವ್ಯಾಪಾರಿಯ ತಲೆನೋವುಗಳು: ಎತ್ತಿನ ಮೇಲೆ ಹೇರಬೇಕು, ಗೋಣಿಯಲ್ಲಿ ಒತ್ತಿ ತುಂಬಬೇಕು, ಬಾಡಿಗೆ ಕೊಡಬೇಕು, ಸುಂಕ ಕಟ್ಟಬೇಕು, ಇಟ್ಟ ಮಾಲು ಕೆಡುತ್ತದೆ, ಸಂತೆಯಿಂದ ಸಂತೆಗೆ ಅಲೆಯಬೇಕು. ಈ ಸರಕಿಗೆ ಇವೊಂದೂ ಇಲ್ಲ ಅನ್ನುವುದೇ ಹಾಡಿನ ಹುರುಳು. ಸುಂಕದ ಕಟ್ಟೆ ದಾಟಿ ಬೇಸತ್ತವನಿಗೆ ಮಾತ್ರ ಹೊಳೆಯುವ ಹೋಲಿಕೆ ಇದು. ವಿಜಯನಗರದ ಆರ್ಥಿಕ ವ್ಯವಸ್ಥೆಯ ಬಗ್ಗೆ ಪಾಠ ಮಾಡುವವರು ಈ ಹಾಡನ್ನು ಬಿಡಬಾರದು.

ಆದರೆ ಇಲ್ಲೇ ಒಂದು ದೊಡ್ಡ ತಪ್ಪು ಆಗುತ್ತದೆ. ಸಾಹಿತ್ಯ ದಾಸರದೆಂದು ಧಾಟಿಯನ್ನೂ ಅವರ ಕಾಲದ್ದೆಂದು ತಿಳಿಯುತ್ತಾರೆ. ಇಂದು ನಾವು ಕೇಳುವ ದೇವರನಾಮಗಳ ಮಟ್ಟುಗಳಲ್ಲಿ ಹೆಚ್ಚಿನವು ಬಹಳ ಈಚಿನವು. ಒಂದೇ ಪದವನ್ನು ಒಬ್ಬರು ಒಂದು ರಾಗದಲ್ಲೂ ಇನ್ನೊಬ್ಬರು ಇನ್ನೊಂದು ರಾಗದಲ್ಲೂ ಹಾಡುವುದು ಅದಕ್ಕೇ. ಮೂರು ನಿಮಿಷದ ಗ್ರಾಮಫೋನ್ ತಟ್ಟೆಯೂ ಕೈಯಾಡಿಸಿದೆ. ಅದರಲ್ಲಿ ಎಲ್ಲ ಚರಣ ಹಿಡಿಸದು. ಆದ್ದರಿಂದ ದಾಸರ ಪದ ಕೇಳುವಾಗ ಮಾತಿನಲ್ಲಿ ಹದಿನಾರನೆಯ ಶತಮಾನ ಇರಬಹುದು, ರಾಗದಲ್ಲಿ ಇಪ್ಪತ್ತನೆಯದು ಇರಬಹುದು. ದಾಸರ ಕಾಲದ ಸಂಗೀತದ ಕಟ್ಟು ಬೇಕೆಂದರೆ ಸುಳಾದಿ ಎಂಬ ಹಾಡಿನ ಪ್ರಕಾರದ ಕಡೆ ನೋಡಬೇಕು. ಒಂದೊಂದು ಭಾಗಕ್ಕೆ ಒಂದೊಂದು ತಾಳ: ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ. ನಿಮ್ಮ ಮಕ್ಕಳು ಮಾಯಾಮಾಳವಗೌಳ ರಾಗದಲ್ಲಿ ಕಲಿಯುವ ಏಳು ಅಲಂಕಾರಗಳ, ಅಂದರೆ ಆರಂಭದ ಸ್ವರಾಭ್ಯಾಸಗಳ, ತಾಳಗಳೇ ಇವು.

ರಾಗದ ಹೆಸರಿನಲ್ಲೂ ಇದೇ ಎಚ್ಚರ ಬೇಕು. ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯ 1550ರಲ್ಲಿ 'ಸ್ವರಮೇಳಕಲಾನಿಧಿ' ಬರೆದ. ಅದರಲ್ಲಿ ಶುದ್ಧ ಸ್ವರಗಳ ಮೇಳಕ್ಕೆ (ರಾಗಗಳು ಹುಟ್ಟುವ ಸ್ವರಗಳ ಗುಂಪಿಗೆ) ಮುಖಾರಿ ಎಂದು ಹೆಸರು. ಅದರ ಸ್ವರಗಳು ಇಂದಿನ ಕನಕಾಂಗಿಗೆ ಹತ್ತಿರ. ನಾವು ಈಗ ಹಾಡುವ ಮುಖಾರಿ ಖರಹರಪ್ರಿಯ ಮೇಳದಿಂದ ಹುಟ್ಟಿದ ರಾಗ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಹಳೆಯ ಗ್ರಂಥದಲ್ಲಿ ರಾಗದ ಹೆಸರು ಕಂಡೊಡನೆ ಇವತ್ತಿನ ರಾಗ ಹಾಡಿ ತೋರಿಸಿದರೆ ನಾಲ್ಕು ಶತಮಾನ ತಪ್ಪಿದಂತೆ.

ತಮಿಳು ನೆಲದ ತ್ಯಾಗರಾಜರು ತೆಲುಗಿನಲ್ಲಿ ಯಾಕೆ ಬರೆದರು ಎಂದೂ ಮಕ್ಕಳು ಕೇಳುತ್ತಾರೆ. ಅವರ ಮನೆಮಾತು ತೆಲುಗು ಅಂದರೆ ಅರ್ಧ ಉತ್ತರ. ತೆಲುಗು ಮನೆತನಗಳು ಕಾವೇರಿ ಬಯಲಿಗೆ ಬಂದು, ತೆಲುಗು ಅಲ್ಲಿ ಸಂಗೀತದ ಭಾಷೆಯಾಗಿ ಬೇರೂರಿದ್ದು ವಿಜಯನಗರದ ಅಧಿಕಾರಿಗಳಾಗಿದ್ದ ನಾಯಕರು ತಂಜಾವೂರು ಆಳಿದ್ದರಿಂದ. 1670ರ ದಶಕದಲ್ಲಿ ಮರಾಠರು ಬಂದ ಮೇಲೂ ಆಸ್ಥಾನದಲ್ಲಿ ತೆಲುಗು ಉಳಿಯಿತು; ಜೊತೆಗೆ ಮರಾಠಿ ಕೀರ್ತನೆಯ ಪದ್ಧತಿ ಬಂದು ಹರಿಕಥೆಗೆ ಹೊಸ ರೂಪ ಕೊಟ್ಟಿತು. ಮೈಸೂರಿನಲ್ಲಿ ಕುಳಿತು ವಾಸುದೇವಾಚಾರ್ಯರು (1865–1961) 'ಬ್ರೋಚೇವಾರೆವರುರಾ' ಬರೆಯುವ ಹೊತ್ತಿಗೂ ತೆಲುಗಿನ ಬಿಗಿ ಸಡಿಲವಾಗಿರಲಿಲ್ಲ.

ಈಗ ಮುತ್ತುಸ್ವಾಮಿ ದೀಕ್ಷಿತರು. ಕಾಲವನ್ನು ಕಿವಿಗೇ ಮುಟ್ಟಿಸಬೇಕೆಂದರೆ ಅವರಷ್ಟು ಅನುಕೂಲದವರು ಬೇರೆ ಇಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಅದೇ ವರ್ಷ ತಂಜಾವೂರಿನ ರಾಜ ಸರ್ಫೋಜಿ ಆಡಳಿತವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಮದರಾಸಿನ ಸುತ್ತ ಬ್ಯಾಂಡಿನ ಸದ್ದು ಆಗಲೇ ಬಳಕೆಗೆ ಬಂದಿತ್ತು. ಆ ಬ್ಯಾಂಡಿನ ಮಟ್ಟುಗಳಿಗೆ ದೀಕ್ಷಿತರು ಸಂಸ್ಕೃತ ಸಾಹಿತ್ಯ ಕೂಡಿಸಿದರು. ಅಂಥವು ಮೂವತ್ತಕ್ಕೂ ಹೆಚ್ಚಿವೆ. 'ನೋಟ್' ಎಂಬ ಇಂಗ್ಲಿಷ್ ಮಾತೇ ನಮ್ಮ ಬಾಯಲ್ಲಿ 'ನೊಟ್ಟುಸ್ವರ' ಆಯಿತು. 'ಸಂತತಂ ಪಾಹಿಮಾಂ' ಕೂತಿರುವುದು ಬ್ರಿಟಿಷ್ ರಾಜಗೀತೆಯ ಮಟ್ಟಿನ ಮೇಲೆ. ರಾಜನಿಗೆ ಜಯ ಕೋರುವ ಸ್ವರಗಳ ಮೇಲೆ ಶ್ಯಾಮಲಾ ದೇವಿಯನ್ನು ಕೂರಿಸಿದ್ದಾರೆ. ಆ ಹುಡುಗಿ ಹುಡುಕುತ್ತಿರುವ 'ಕಾಲ' ಇಲ್ಲಿ ಎದ್ದು ಕಾಣುತ್ತದೆ.

ತರಗತಿಯಲ್ಲಿ ಹೀಗೆ ಮಾಡಿ. ಮೊದಲು 'ಸಂತತಂ ಪಾಹಿಮಾಂ' ಹಾಡಿಸಿ. ಎಣಿಕೆ ಮೂರು ಮೂರು. ಪ್ರತಿ ಸ್ವರವನ್ನೂ ಗೆರೆ ಎಳೆದ ಹಾಗೆ ನೇರವಾಗಿ ನಿಲ್ಲಿಸಬೇಕು. ಮಕ್ಕಳು ಅಭ್ಯಾಸಬಲದಿಂದ ರಿಷಭವನ್ನೂ ಮಧ್ಯಮವನ್ನೂ ತೂಗುತ್ತಾರೆ. ತೂಗಿದೊಡನೆ ಮಟ್ಟಿನ ನಡಿಗೆ ಕೆಟ್ಟು, ಅದು ಬ್ಯಾಂಡೂ ಅಲ್ಲದ ಕೃತಿಯೂ ಅಲ್ಲದ ಏನೋ ಆಗುತ್ತದೆ. ಅದಾದ ತಕ್ಷಣ, ಶ್ರುತಿ ಬದಲಿಸದೆ, ದೀಕ್ಷಿತರದೇ 'ಅಕ್ಷಯಲಿಂಗವಿಭೋ' ಪಲ್ಲವಿಯನ್ನು ಏಳು ಎಣಿಕೆಯ ಮಿಶ್ರಛಾಪು ತಾಳದಲ್ಲಿ ವಿಳಂಬವಾಗಿ ಹಾಡಿಸಿ. ರಾಗ ಅದೇ ಶಂಕರಾಭರಣ, ಸ್ವರಸ್ಥಾನಗಳು ಅವೇ, ಬರೆದವರೂ ಅವರೇ. ಆದರೆ ಇಲ್ಲಿ ಒಂದು ಸ್ವರ ಪಕ್ಕದ ಸ್ವರವನ್ನು ಸವರಿಕೊಂಡೇ ಬರುತ್ತದೆ. ಇದನ್ನು ಕೀಬೋರ್ಡಿನ ಮೇಲೆ ನೇರ ಸ್ವರಗಳಲ್ಲಿ ನುಡಿಸಿದರೆ ರಾಗ ಸತ್ತೇಹೋಗುತ್ತದೆ. ನೊಟ್ಟುಸ್ವರ ಮಾತ್ರ ಅದೇ ಕೀಬೋರ್ಡಿನಲ್ಲಿ ಚೆನ್ನಾಗಿಯೇ ಕೇಳುತ್ತದೆ. ಈ ಎರಡನ್ನು ಒಟ್ಟಿಗೆ ಕೇಳಿದ ಮಗುವಿಗೆ ಬೇರೆ ವಿವರಣೆ ಬೇಡ.

ದೀಕ್ಷಿತರ ತಮ್ಮ ಬಾಲುಸ್ವಾಮಿ ಅದೇ ವಾತಾವರಣದಿಂದ ಪಿಟೀಲನ್ನು ತಂದರು. ಪಾಶ್ಚಾತ್ಯರಲ್ಲಿ ಅದರ ನಾಲ್ಕು ತಂತಿಗೆ ನಾಲ್ಕು ಬೇರೆ ಸ್ವರ. ನಮ್ಮವರು ಅದನ್ನು ಸ-ಪ-ಸ-ಪ ಎಂದು ಇಳಿಸಿ, ನಿಂತು ನುಡಿಸುವುದನ್ನು ಬಿಟ್ಟು ನೆಲದ ಮೇಲೆ ಕೂತು, ಪಿಟೀಲಿನ ತಲೆಯನ್ನು ಪಾದದ ಗಂಟಿಗೆ ಊರಿದರು. ಕೈಗೆ ಪಿಟೀಲು ಹೊರುವ ಕೆಲಸ ತಪ್ಪಿದ್ದರಿಂದಲೇ ಎಡಗೈ ಜಾರು ಗಮಕಗಳಿಗೆ ಬಿಡುವಾಯಿತು. ಪರದೇಶದ ವಾದ್ಯವನ್ನು ಇಷ್ಟು ಪೂರ್ತಿಯಾಗಿ ನಮ್ಮದು ಮಾಡಿಕೊಂಡದ್ದು ನನ್ನ ದೃಷ್ಟಿಯಲ್ಲಿ ಆ ಕಾಲದ ಅತಿ ದೊಡ್ಡ ಸಾಧನೆ.

ಒಂದೇ ಕಾಲ, ಒಂದೇ ಸೀಮೆ ಎಂದು ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕಲೂ ಆಗದು. ವೀಣೆಯಲ್ಲಿ ಸ್ಥಾಯಿಗೆ (ಸ-ದಿಂದ ಮೇಲಿನ ಸ-ವರೆಗೆ) ಹನ್ನೆರಡರಂತೆ ಇಪ್ಪತ್ತನಾಲ್ಕು ಮೆಟ್ಟಿಲು ಕಾಯಂ ಆದ ಮೇಲೆ ಸ್ವರಗಳನ್ನು ಲೆಕ್ಕಕ್ಕೆ ಹಿಡಿಯುವುದು ಸುಲಭವಾಯಿತು. ಹದಿನೇಳನೆಯ ಶತಮಾನದಲ್ಲಿ ವೆಂಕಟಮಖಿ ಪೂರ್ವಾಂಗದ (ರಿ-ಗ) ಆರು ಜೋಡಿಗಳನ್ನು ಉತ್ತರಾಂಗದ (ಧ-ನಿ) ಆರರಿಂದ ಗುಣಿಸಿ ಮೂವತ್ತಾರು, ಎರಡು ಮಧ್ಯಮಕ್ಕೆ ಎಪ್ಪತ್ತೆರಡು ಎಂದು ಮೇಳ ಕಟ್ಟಿದ. ತ್ಯಾಗರಾಜರು ಈ ಎಪ್ಪತ್ತೆರಡರಲ್ಲಿ ಒಂದಾದ ಖರಹರಪ್ರಿಯಕ್ಕೆ 'ಚಕ್ಕನಿ ರಾಜ', 'ಪಕ್ಕಲ ನಿಲಬಡಿ' ಕೊಟ್ಟು ಅದನ್ನು ದೊಡ್ಡ ರಾಗವಾಗಿಸಿದರು. ದೀಕ್ಷಿತರಲ್ಲಿ ಖರಹರಪ್ರಿಯವೇ ಇಲ್ಲ. ಅವರು ಆ ಮೇಳದಲ್ಲಿ ಶ್ರೀರಾಗದ ಹಳೆಯ ದಾರಿ ಹಿಡಿದರು. ಇಬ್ಬರೂ ತಿರುವಾರೂರಿನಲ್ಲೇ ಹುಟ್ಟಿದವರು, ವಯಸ್ಸಿನಲ್ಲಿ ಹತ್ತು ವರ್ಷದ ಅಂತರವೂ ಇಲ್ಲ.

ತ್ಯಾಗರಾಜರ 'ನಿಧಿ ಚಾಲ ಸುಖಮಾ' (ಹಣ ಹೆಚ್ಚು ಸುಖವೆ?) ಬಗ್ಗೆ ರಾಜನ ಕಾಣಿಕೆ ತಿರಸ್ಕರಿಸಿದ ಕಥೆ ಹೇಳುತ್ತಾರೆ. ಕಥೆಯನ್ನು ಕಥೆ ಎಂದೇ ಹೇಳಿ. ಹಾಡಿನಲ್ಲಿ ರಾಜನ ಹೆಸರಿಲ್ಲ, 'ನರಸ್ತುತಿ ಸುಖಮಾ' ಎಂಬ ಪ್ರಶ್ನೆ ಇದೆ. ಮನುಷ್ಯರನ್ನು ಹೊಗಳಿ ಹಾಡುವುದು ಸಂಗೀತಗಾರರ ಹೊಟ್ಟೆಪಾಡಾಗಿದ್ದ ಕಾಲಕ್ಕೆ ಆ ಪ್ರಶ್ನೆಯೊಂದೇ ಸಾಕ್ಷಿ.

ತಂಜಾವೂರಿನ ಕೈ ಸೋತಂತೆ ಕಲಾವಿದರು ಎಟ್ಟಯಪುರಂ, ತಿರುವನಂತಪುರ, ಮೈಸೂರುಗಳಿಗೆ ಚದುರಿದರು. ತಂಜಾವೂರು ಸಹೋದರರೆಂದು ಹೆಸರಾದ ನಾಲ್ವರು ಸಂಗೀತ-ನಾಟ್ಯ ವಿದ್ವಾಂಸರಲ್ಲಿ ಚಿನ್ನಯ್ಯ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. ನಮ್ಮ ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವನ್ನೂ ಈ ಸರಣಿಯಲ್ಲೇ ನೋಡಬೇಕು. ಅಲ್ಲಿ 1920ರಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಆಕಾಶವಾಣಿಯಲ್ಲಿ ಕೆಲಸ ಮಾಡಿದವರು. ಅಗ್ರಹಾರದ ಪಾಠ, ಅರಮನೆಯ ಊರಾದ ಮೈಸೂರು, ಆಮೇಲೆ ರೇಡಿಯೊ: ಸಂಗೀತದ ಪೋಷಕರು ಬದಲಾದ ಚರಿತ್ರೆ ಒಂದೇ ಊರಿನಲ್ಲಿ ಸಿಗುತ್ತದೆ. ಮಕ್ಕಳನ್ನು ಒಂದು ದಿನ ಅಲ್ಲಿಗೆ ಕರೆದುಕೊಂಡು ಹೋಗಿ. ತಂಬೂರಿಯ ಆಕಾರದ ಸಪ್ತಸ್ವರ ಮಂದಿರವನ್ನೂ ನೋಡಿದ ಹಾಗಾಗುತ್ತದೆ.

ಇನ್ನು ಕಾರ್ಯಕ್ರಮ. ಏಳು ಅಲಂಕಾರಗಳಿಗೆ ಆರು ನಿಮಿಷ, ಒಂದೇ ವೇಗದಲ್ಲಿ ಸಾಕು. 'ಕಲ್ಲುಸಕ್ಕರೆ' ಮೂರೂ ಚರಣ ಬಿಡದೆ ಎಂಟು ನಿಮಿಷ. ಎರಡು ನೊಟ್ಟುಸ್ವರಕ್ಕೆ ಐದು, ಅದರ ಬೆನ್ನಿಗೇ 'ಅಕ್ಷಯಲಿಂಗವಿಭೋ' ಹದಿನೈದು. 'ಪಕ್ಕಲ ನಿಲಬಡಿ' ಹನ್ನೆರಡು. ಮೈಸೂರಿನ ಪಾಲಿಗೆ 'ಬ್ರೋಚೇವಾರೆವರುರಾ' ಹತ್ತು ನಿಮಿಷ, ಮುತ್ತಯ್ಯ ಭಾಗವತರ ಕನ್ನಡ ಕೃತಿ 'ಭುವನೇಶ್ವರಿಯ' ಎಂಟು. ಒಟ್ಟು ಅರವತ್ತನಾಲ್ಕು. ಉಳಿದದ್ದರಲ್ಲಿ ಒಂದೊಂದಕ್ಕೂ ಮುಂಚೆ ಎರಡು ಮೂರು ನಿಮಿಷದ ಮಾತು, ಅಷ್ಟೇ. ಮಾತು ಹಿಗ್ಗಿದರೆ ಮೊದಲು ಕತ್ತರಿ ಬೀಳುವುದು ದೀಕ್ಷಿತರ ವಿಳಂಬಕ್ಕೆ, ಅದು ಆಗಬಾರದು.

'ಬ್ರೋಚೇವಾರೆವರುರಾ' ಹಾಡಿಸುವಾಗ ಮೈಕ್ ಆರಿಸಿಬಿಡಿ. ಪಿಟೀಲು ಚೌಡಯ್ಯನವರು ತಮ್ಮ ವಾದ್ಯಕ್ಕೆ ಮೂರು ತಂತಿ ಹೆಚ್ಚಿಸಿ ಏಳು ಮಾಡಿಕೊಂಡದ್ದು ಮೈಕ್ ಇಲ್ಲದ ಸಭೆಗಳಲ್ಲಿ ಹಿಂದೆ ಕೂತವರಿಗೂ ನಾದ ತಲುಪಲಿ ಎಂದು. ಇಬ್ಬರು ಮಕ್ಕಳನ್ನು ಕೊನೆಯ ಸಾಲಿನಲ್ಲಿ ಕೂರಿಸಿ, ಪಿಟೀಲು ಎಲ್ಲಿವರೆಗೆ ಕೇಳಿಸಿತು, ಯಾವ ಸಂಗತಿಯಲ್ಲಿ (ಅದೇ ಸಾಲನ್ನು ಬದಲಿಸಿ ಹಾಡುವ ಬಗೆಯಲ್ಲಿ) ಅಳಿಸಿಹೋಯಿತು ಎಂದು ಬರೆದುಕೊಳ್ಳಲು ಹೇಳಿ.

— ಸಂಪಾದಕ