ಮಂಡಿನೋವಿನ ಪೂರಕ ಮಾತ್ರೆ: ಲೇಬಲ್ಲಿನಲ್ಲಿ ಏನನ್ನು ನೋಡಬೇಕು?

ಪ್ರಶ್ನೆ: ನನ್ನ ತಾಯಿಯವರಿಗೆ 68 ವರ್ಷ. ಮಂಡಿಯ ಮೃದ್ವಸ್ಥಿ ಸವೆದಿದೆಯೆಂದು ವೈದ್ಯರು ಹೇಳಿದ್ದಾರೆ. ಕೀಲುಗಳಿಗೆಂದು ಹತ್ತಾರು ಬಗೆಯ ಪೂರಕ ಮಾತ್ರೆಗಳು ಸಿಗುತ್ತಿದ್ದು, ಯಾವುದನ್ನು ನಂಬುವುದೆಂದು ತಿಳಿಯುತ್ತಿಲ್ಲ. ಹೃದಯದ ತೊಂದರೆಗಾಗಿ ಅವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಸೇವಿಸುತ್ತಿದ್ದಾರೆ.

ಉತ್ತರ: ನೀವು ಕೊನೆಯಲ್ಲಿ ಬರೆದಿರುವ ವಿಷಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಕೀಲುನೋವಿನ ಪೂರಕಗಳಲ್ಲಿ ಸಾಮಾನ್ಯವಾಗಿರುವ ಗ್ಲುಕೋಸಮೈನ್ ಮತ್ತು ಕಾಂಡ್ರಾಯ್ಟಿನ್ ವಾರ್ಫರಿನ್‌ನ ಪರಿಣಾಮವನ್ನು ಹೆಚ್ಚಿಸಿ ರಕ್ತಸ್ರಾವಕ್ಕೆ ಎಡೆಮಾಡಿಕೊಟ್ಟ ಪ್ರಕರಣಗಳು ವರದಿಯಾಗಿವೆ. ಅರಿಸಿನದ ಸಾರವಾದ ಕರ್ಕ್ಯುಮಿನ್ ವಿಷಯದಲ್ಲೂ ಇದೇ ಆತಂಕವಿದೆ. ಆದ್ದರಿಂದ ವಾರ್ಫರಿನ್ ಬರೆದುಕೊಟ್ಟ ವೈದ್ಯರಿಗೆ ತಿಳಿಸದೆ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಐಎನ್‌ಆರ್ ಪರೀಕ್ಷೆಯ ದಿನ ಗೊತ್ತುಮಾಡಿಕೊಳ್ಳದೆ, ನಿಮ್ಮ ತಾಯಿಯವರು ಇವುಗಳಲ್ಲಿ ಯಾವುದನ್ನೂ ಆರಂಭಿಸಬಾರದು.

ಇನ್ನು ನಂಬಿಕೆಯ ಮಾತು. ಡಬ್ಬಿಯಲ್ಲಿ ಇದೆಯೆಂದು ಬರೆದಿರುವುದು ನಿಜವಾಗಿ ಇದೆಯೇ ಎಂಬುದು ಒಂದು ಪ್ರಶ್ನೆ, ಅದರಿಂದ ನೋವು ಕಡಿಮೆಯಾಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಜಾಹೀರಾತುಗಳು ಇವೆರಡನ್ನೂ ಬೆರೆಸಿಬಿಡುತ್ತವೆ. ಎರಡನೆಯದಕ್ಕೆ ಉತ್ತರ ಅಷ್ಟೇನೂ ಆಶಾದಾಯಕವಾಗಿಲ್ಲ. 2006ರಲ್ಲಿ ಪ್ರಕಟವಾದ, ಮಂಡಿ ಸವೆತವಿದ್ದ 1,583 ಮಂದಿ ಪಾಲ್ಗೊಂಡಿದ್ದ ಅಮೆರಿಕದ ‘ಗೇಟ್’ ಪ್ರಯೋಗದಲ್ಲಿ ಗ್ಲುಕೋಸಮೈನ್ ಹೈಡ್ರೋಕ್ಲೋರೈಡ್ ಮತ್ತು ಕಾಂಡ್ರಾಯ್ಟಿನ್‌ಗಳನ್ನು ಬೇರೆಬೇರೆಯಾಗಿಯೂ ಒಟ್ಟಾಗಿಯೂ 24 ವಾರ ಕೊಟ್ಟು ನೋಡಿದಾಗ, ಒಟ್ಟಾರೆಯಾಗಿ ಅವು ಔಷಧವಿಲ್ಲದ ಹುಸಿಮಾತ್ರೆಗಿಂತ ಗಮನಾರ್ಹವಾಗಿ ಮೇಲೆಂದು ಕಂಡುಬರಲಿಲ್ಲ. ಹುಸಿಮಾತ್ರೆ ನುಂಗಿದವರಲ್ಲೇ ಸುಮಾರು ಶೇ. 60 ಮಂದಿಗೆ ನೋವು ಇಳಿದಿತ್ತು! ನೆರೆಹೊರೆಯವರು ‘ನನಗೆ ಗುಣವಾಯಿತು’ ಎಂದಾಗ ಈ ಅಂಕಿಯನ್ನು ನೆನೆಯುವುದು ಒಳ್ಳೆಯದು. ಅಮೆರಿಕದ ಸಂಧಿವಾತ ತಜ್ಞರ 2019ರ ಮಾರ್ಗಸೂಚಿಯಂತೂ ಮಂಡಿ ಸವೆತಕ್ಕೆ ಗ್ಲುಕೋಸಮೈನ್ ಬೇಡವೆಂದೂ ವ್ಯಾಯಾಮ ಬೇಕೇ ಬೇಕೆಂದೂ ಹೇಳುತ್ತದೆ.

ಇಷ್ಟಾದ ಮೇಲೂ ವೈದ್ಯರ ಒಪ್ಪಿಗೆಯೊಂದಿಗೆ ಪ್ರಯತ್ನಿಸುವುದಾದರೆ, ಡಬ್ಬಿಯ ಮುಂಭಾಗವನ್ನು ಬಿಟ್ಟು ಹಿಂಭಾಗದ ಸಣ್ಣ ಅಕ್ಷರಗಳನ್ನು ಓದಿ. ಮುಂದೆ ದೊಡ್ಡದಾಗಿ 1500 ಮಿ.ಗ್ರಾಂ. ಎಂದಿದ್ದರೆ ಅದು ಒಂದು ಮಾತ್ರೆಯ ಲೆಕ್ಕವೋ ದಿನಕ್ಕೆ ನುಂಗಬೇಕಾದ ಮೂರು ಮಾತ್ರೆಗಳ ಲೆಕ್ಕವೋ ಎಂಬುದು ಹಿಂದೆ ತಿಳಿಯುತ್ತದೆ. ‘ಗ್ಲುಕೋಸಮೈನ್ ಸಲ್ಫೇಟ್ ಪೊಟ್ಯಾಸಿಯಂ ಕ್ಲೋರೈಡ್’ ಎಂದು ಬರೆದಿದ್ದರೆ ಆ ತೂಕದಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಎಂಬ ಲವಣದ ತೂಕವೂ ಸೇರಿರುತ್ತದೆ. ಹಲವು ಪದಾರ್ಥಗಳನ್ನು ‘ವಿಶೇಷ ಮಿಶ್ರಣ’ ಎಂಬ ಒಂದೇ ಹೆಸರಿನಡಿ ಸೇರಿಸಿ ಒಟ್ಟು ತೂಕವನ್ನಷ್ಟೇ ಕೊಟ್ಟಿರುವ ಡಬ್ಬಿಯನ್ನು ನಾನಾದರೆ ಕೆಳಗಿಡುತ್ತೇನೆ. ಕಾಂಡ್ರಾಯ್ಟಿನ್ ದುಬಾರಿ ಪದಾರ್ಥವಾದ್ದರಿಂದ ಅದರಲ್ಲಿ ಕಲಬೆರಕೆಯೂ ಹೆಚ್ಚು. ಆದಕಾರಣ ಯುಎಸ್‌ಪಿಯಂತಹ ಸ್ವತಂತ್ರ ಸಂಸ್ಥೆ ಪರೀಕ್ಷಿಸಿದ ಮುದ್ರೆಯಿದ್ದರೆ ಒಳಿತು. ಆ ಮುದ್ರೆ ಮಾತ್ರೆಯಲ್ಲಿರುವ ಪದಾರ್ಥ, ಅದರ ಪ್ರಮಾಣ ಹಾಗೂ ಶುದ್ಧತೆಗೆ ಸಾಕ್ಷಿಯೇ ಹೊರತು ನೋವು ಗುಣವಾಗುತ್ತದೆ ಎಂಬುದಕ್ಕಲ್ಲ.

ನಾಲ್ಕೇ ದಿನದಲ್ಲಿ ನೋವು ಮಾಯವಾದರೆ ಹಿಗ್ಗುವ ಬದಲು ಅನುಮಾನಪಡಿ. 2022ರಲ್ಲಿ ‘ಆರ್ಟ್ರಿ ಕಿಂಗ್’ ಹೆಸರಿನ ಕೀಲುನೋವಿನ ಪೂರಕಗಳಲ್ಲಿ ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಮತ್ತು ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಲೇಬಲ್ಲಿನಲ್ಲಿ ನಮೂದಾಗದೆ ಇದ್ದುದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪತ್ತೆಮಾಡಿ ಎಚ್ಚರಿಸಿತು. ವಾರ್ಫರಿನ್ ಜೊತೆಗೆ ಡೈಕ್ಲೋಫೆನಾಕ್ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗಬಹುದು. ಅಂತಹ ಮಾತ್ರೆಯನ್ನು ಬಹುಕಾಲ ನುಂಗಿದವರು ಹಠಾತ್ತನೆ ನಿಲ್ಲಿಸುವುದೂ ಅಪಾಯಕರ, ಏಕೆಂದರೆ ಹೊರಗಿನಿಂದ ಬರುವ ಸ್ಟೀರಾಯ್ಡ್‌ಗೆ ಒಗ್ಗಿಹೋದ ದೇಹ ತನ್ನದನ್ನು ತಯಾರಿಸುವುದನ್ನು ತಗ್ಗಿಸಿರುತ್ತದೆ. ವೈದ್ಯರ ಉಸ್ತುವಾರಿಯಲ್ಲಿಯೇ ಬಿಡಬೇಕು.

ಪ್ರಶ್ನೆ: ನನಗೆ ಸಿಗಡಿ ಒಗ್ಗುವುದಿಲ್ಲ. ಗ್ಲುಕೋಸಮೈನ್ ತೆಗೆದುಕೊಳ್ಳಬಹುದೇ?

ಉತ್ತರ: ಬಹುಪಾಲು ಗ್ಲುಕೋಸಮೈನ್ ತಯಾರಾಗುವುದು ಸಿಗಡಿ, ಏಡಿಗಳ ಚಿಪ್ಪಿನಿಂದ. ಅಲರ್ಜಿ ಉಂಟುಮಾಡುವ ಪ್ರೋಟೀನು ಮುಖ್ಯವಾಗಿ ಮಾಂಸದಲ್ಲಿದ್ದರೂ, ಸಿಗಡಿ ತಿಂದಾಗ ಹಿಂದೆ ಉಸಿರುಕಟ್ಟಿದ್ದರೆ ಚಿಪ್ಪಿನ ಗ್ಲುಕೋಸಮೈನ್ ಗೊಡವೆ ಬೇಡ. ಶಿಲೀಂಧ್ರ ಅಥವಾ ಮೆಕ್ಕೆಜೋಳದ ಹುದುಗುವಿಕೆಯಿಂದ ತಯಾರಿಸಿದ ಗ್ಲುಕೋಸಮೈನ್ ಕೂಡ ಸಿಗುತ್ತದೆ. ಮೂಲ ಯಾವುದೆಂದು ನಮೂದಿಸಿದ ಡಬ್ಬಿಯನ್ನೇ ಕೇಳಿ ಪಡೆಯಿರಿ.