ಮಾಡ್ಯೂಲ್ ಫೋಲ್ಡರಲ್ಲೇ ಇದೆ, ಆದರೂ ಯಾಕೆ ಸಿಗಲ್ಲ?

ಲಿನಕ್ಸ್ ಸಿಸ್ಟಮ್ಮಿನ ತಿರುಳಿಗೆ ಕರ್ನಲ್ ಅನ್ನುತ್ತಾರೆ, ಅದಕ್ಕೆ ಬೇಕಾದಾಗ ಸೇರಿಸುವ ಡ್ರೈವರಿನಂಥ ತುಂಡಿಗೆ ಮಾಡ್ಯೂಲ್ ಅನ್ನುತ್ತಾರೆ. ಅದರ ಬಗ್ಗೆ ಒಂದೇ ಪ್ರಶ್ನೆ ಪುಣೆ, ಮುಂಬೈ, ಮಡಗಾಂವ್ ಎಲ್ಲ ಕಡೆಯಿಂದ ಮತ್ತೆ ಮತ್ತೆ ಬರುತ್ತಿದೆ. ಹಿಂಜವಡಿಯ ಓದುಗರೊಬ್ಬರು ಅದನ್ನು ಪೂರ್ತಿಯಾಗಿ ಬರೆದಿದ್ದಾರೆ, ಹಾಗಾಗಿ ಅವರದ್ದನ್ನೇ ತೆಗೆದುಕೊಂಡಿದ್ದೇನೆ. ಟರ್ಮಿನಲ್, ರೂಟ್ ಅಂದರೇನು ಅಂತ ಇಲ್ಲಿ ವಿವರಿಸುವುದಿಲ್ಲ.

ಪ್ರಶ್ನೆ: ಮುಂಬೈನ ಲ್ಯಾಮಿಂಗ್ಟನ್ ರೋಡಲ್ಲಿ ವೈಫೈ ಡಾಂಗಲ್ ತಗೊಂಡೆ. ಡ್ರೈವರ್ ಕಂಪೈಲ್ ಮಾಡಿ ಹೋಮ್ ಫೋಲ್ಡರಲ್ಲಿ ಇಟ್ಟಿದ್ದೇನೆ. ಮಾಡ್ಯೂಲ್ ಲೋಡ್ ಮಾಡುವ ಇನ್ಸ್‌ಮಾಡ್ ಕಮಾಂಡಿಗೆ ಪೂರ್ತಿ ಪಾತ್ ಕೊಟ್ಟರೆ ಕೆಲಸ ಮಾಡುತ್ತದೆ, ಹೆಸರು ಕೊಟ್ಟರೆ ತಾನೇ ಹುಡುಕಿ ಲೋಡ್ ಮಾಡುವ ಮಾಡ್‌ಪ್ರೋಬ್ ಮಾತ್ರ ಸಿಗಲಿಲ್ಲ ಅನ್ನುತ್ತದೆ. ಉಬುಂಟು ಅಪ್‌ಡೇಟ್ ಆದ ಮೇಲೆ ಇನ್ಸ್‌ಮಾಡ್ ಕೂಡ ಕೈಕೊಟ್ಟಿದೆ. ಕರ್ನಲ್ ನನ್ನ ಫೋಲ್ಡರಲ್ಲೂ ಹುಡುಕುವ ಹಾಗೆ ಮಾಡುವುದು ಹೇಗೆ?

ಉತ್ತರ: ಹಾಗೆ ಮಾಡಲೇಬೇಡಿ. ಕಾರಣ ಆಮೇಲೆ ಹೇಳುತ್ತೇನೆ.

ಮಾಡ್‌ಪ್ರೋಬ್ ಕೊಟ್ಟ ಎರರ್ ಅನ್ನು ಕೊನೆತನಕ ಓದಿದ್ರಾ? 'ಇಂಥ ಮಾಡ್ಯೂಲ್ ಇಂಥ ಡೈರೆಕ್ಟರಿಯಲ್ಲಿ ಸಿಗಲಿಲ್ಲ' ಅಂತ ಜಾಗದ ಹೆಸರನ್ನೂ ಅದೇ ಹೇಳಿರುತ್ತದೆ. ಆ ಜಾಗ /ಲಿಬ್/ಮಾಡ್ಯೂಲ್ಸ್, ಅದರೊಳಗೆ ಈಗ ಓಡುತ್ತಿರುವ ಕರ್ನಲ್ ವರ್ಷನ್ನಿನ ಫೋಲ್ಡರ್. ಯಾವ ವರ್ಷನ್ ಅಂತ 'ಯುನೇಮ್ -ಆರ್' ತೋರಿಸುತ್ತದೆ. ಲಿನಕ್ಸ್ ಕರ್ನಲ್ ತಾನೇ ಹೋಗಿ ಫೋಲ್ಡರ್ ತಡಕುವುದಿಲ್ಲ. ಆ ಕೆಲಸ ಮಾಡ್‌ಪ್ರೋಬ್‌ನದು. ಅದೂ ಫೋಲ್ಡರ್ ತಡಕುವುದಿಲ್ಲ, ಅಲ್ಲಿರುವ 'ಮಾಡ್ಯೂಲ್ಸ್ ಡಾಟ್ ಡೆಪ್' ಅನ್ನುವ ಪಟ್ಟಿ ನೋಡುತ್ತದೆ. ಅಕ್ಕಿ ಮೂಟೆ ಕಣ್ಮುಂದೆ ಇದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ರೇಷನ್ ಅಂಗಡಿಯಲ್ಲಿ ಸಿಗಲ್ಲ, ಅಲ್ವಾ? ಹಾಗೇ ಇದು. ಪಟ್ಟಿ ಬರೆಯುವುದು ಡೆಪ್‌ಮಾಡ್. ಫೈಲ್ ಕಾಪಿ ಮಾಡಿ 'ಡೆಪ್‌ಮಾಡ್ -ಎ' ಓಡಿಸದೆ ಬಿಟ್ಟವರೇ ಜಾಸ್ತಿ.

ಫೈಲನ್ನು ಆ ವರ್ಷನ್ ಫೋಲ್ಡರಿನ ಒಳಗಿನ 'ಅಪ್‌ಡೇಟ್ಸ್' ಎಂಬಲ್ಲಿ ಇಡಿ, ಇಲ್ಲದಿದ್ದರೆ ಆ ಹೆಸರಲ್ಲಿ ಒಂದು ಮಾಡಿಕೊಳ್ಳಿ. ಆಮೇಲೆ ಡೆಪ್‌ಮಾಡ್ ಓಡಿಸಿ. ಒಂದೇ ಹೆಸರಿನ ಮಾಡ್ಯೂಲ್ ಎರಡು ಕಡೆ ಇದ್ದರೆ ಯಾವುದು ಮೊದಲು ಅನ್ನುವುದನ್ನು /ಇಟಿಸಿ/ಡೆಪ್‌ಮಾಡ್.ಡಿ ಒಳಗಿನ 'ಸರ್ಚ್' ಸಾಲು ತೀರ್ಮಾನಿಸುತ್ತದೆ. ಉಬುಂಟುವಿನಲ್ಲಿ ಆ ಸಾಲು 'ಅಪ್‌ಡೇಟ್ಸ್, ಉಬುಂಟು, ಬಿಲ್ಟ್‌-ಇನ್' ಅನ್ನುವ ಕ್ರಮದಲ್ಲಿದೆ. ಅಂದರೆ ನಿಮ್ಮ ಡ್ರೈವರ್ ಗೆಲ್ಲುತ್ತದೆ, ಆ ಸಾಲನ್ನು ಮುಟ್ಟುವ ಅಗತ್ಯವೇ ಇಲ್ಲ. ಕೊನೆಗೆ 'ಮಾಡ್‌ಇನ್ಫೋ -ಎನ್' ಜೊತೆ ಡ್ರೈವರ್ ಹೆಸರು ಕೊಡಿ. ಯಾವ ಫೈಲ್ ಲೋಡ್ ಆಗುತ್ತದೆ ಅಂತ ಪೂರ್ತಿ ಪಾತ್ ಬರುತ್ತದೆ. ಇದನ್ನು ನೋಡದೆ ನನಗೆ ಪತ್ರ ಬರೆಯಬೇಡಿ.

ಇನ್ನು ಅಪ್‌ಡೇಟ್ ಆದ ಮೇಲೆ ಕೈಕೊಟ್ಟ ವಿಷಯ. ಪ್ರತಿ ಮಾಡ್ಯೂಲಿನೊಳಗೂ ಅದು ಯಾವ ಕರ್ನಲ್‌ಗೆ ಕಟ್ಟಿದ್ದು ಅನ್ನುವ ಗುರುತು ಇರುತ್ತದೆ, ಅದಕ್ಕೆ ವರ್‌ಮ್ಯಾಜಿಕ್ ಅನ್ನುತ್ತಾರೆ. ಅದು ತಾಳೆಯಾಗದಿದ್ದರೆ ಕರ್ನಲ್ ಒಳಗೆ ಬಿಡುವುದಿಲ್ಲ. 'ಫೋರ್ಸ್ ಹಾಕಿ, ಓಡುತ್ತೆ' ಅಂತ ವಿಡಿಯೋ ಮಾಡುವವರ ಮಾತು ಕೇಳಬೇಡಿ. ಕರ್ನಲ್ ಒಳಗೆ ಡ್ರೈವರ್ ತಪ್ಪು ಜಾಗದಲ್ಲಿ ಬರೆದರೆ ಮಷಿನ್ ಪೂರ್ತಿ ಕೂರುತ್ತದೆ, ಫೈಲ್‌ಗಳೂ ಹಾಳಾಗಬಹುದು. ಸರಿಯಾದ ದಾರಿ ಡಿಕೆಎಂಎಸ್. ಡ್ರೈವರಿನ ಸೋರ್ಸ್ ಜೊತೆ ಡಿಕೆಎಂಎಸ್ ಕಾನ್ಫ್ ಫೈಲ್ ಇದ್ದು, ಡ್ರೈವರ್ ಕಟ್ಟಲು ಬೇಕಾದ ಕರ್ನಲ್ ಹೆಡರ್ಸ್ ಪ್ಯಾಕೇಜ್ ಹಾಕಿಕೊಂಡಿದ್ದರೆ, ಹೊಸ ಕರ್ನಲ್ ಬಂದಾಗೆಲ್ಲ ಅದೇ ಮತ್ತೆ ಕಟ್ಟಿ, ಸರಿಯಾದ ಫೋಲ್ಡರಲ್ಲಿ ಇಟ್ಟು, ಪಟ್ಟಿಯನ್ನೂ ಹೊಸದು ಮಾಡುತ್ತದೆ.

ಈಗ ಹೋಮ್ ಫೋಲ್ಡರ್ ಯಾಕೆ ಬೇಡ ಅನ್ನುವುದು. ಲೋಡ್ ಆದ ಮಾಡ್ಯೂಲ್‌ಗೆ ಕರ್ನಲ್‌ನಷ್ಟೇ ಅಧಿಕಾರ. ಅದರ ಮೇಲೆ ಯಾರ ಕಾವಲೂ ಇಲ್ಲ. ಮಾಡ್ಯೂಲ್ ಹುಡುಕುವ ಜಾಗದಲ್ಲಿ ಯಾರು ಫೈಲ್ ಬರೆಯಬಲ್ಲರೋ ಮಷಿನ್ ಅವರದ್ದಾಯಿತು. ನಿಮ್ಮ ಹೋಮ್ ಫೋಲ್ಡರಲ್ಲಿ ನಿಮ್ಮ ಬ್ರೌಸರ್ ಬರೆಯಬಲ್ಲದು, ನೀವು ಎಲ್ಲಿಂದಲೋ ಇಳಿಸಿಕೊಂಡ ಸ್ಕ್ರಿಪ್ಟ್ ಬರೆಯಬಲ್ಲದು. /ಲಿಬ್/ಮಾಡ್ಯೂಲ್ಸ್‌ನಲ್ಲಿ ರೂಟ್ ಮಾತ್ರ ಬರೆಯಬಹುದು, ಅದು ಹಾಗೇ ಇರಬೇಕು. ಸರ್ವರ್ ನೋಡಿಕೊಳ್ಳುವವರಿಗೆ ಇನ್ನೂ ಒಂದು ಮಾತು. ಬೂಟ್ ಆಗಿ ಬೇಕಾದ ಮಾಡ್ಯೂಲ್ ಎಲ್ಲ ಲೋಡ್ ಆದ ಮೇಲೆ 'ಕರ್ನಲ್.ಮಾಡ್ಯೂಲ್ಸ್_ಡಿಸೇಬಲ್ಡ್' ಅನ್ನುವ ಕರ್ನಲ್ ಸೆಟ್ಟಿಂಗನ್ನು 1 ಮಾಡಿ. ಮುಂದಿನ ರೀಬೂಟ್ ತನಕ ರೂಟ್ ಕೂಡ ಹೊಸ ಮಾಡ್ಯೂಲ್ ತುರುಕಲು ಆಗುವುದಿಲ್ಲ. ನಾನು ಇದನ್ನು ಬಿಡದೆ ಮಾಡುತ್ತೇನೆ.

ಪ್ರಶ್ನೆ: ಡೊಂಬಿವಲಿಯ ಗೆಳೆಯನ ಲ್ಯಾಪ್‌ಟಾಪಿಂದ ಮಾಡ್ಯೂಲ್ ಕಾಪಿ ಮಾಡಿಕೊಳ್ಳಬಹುದಾ?

ಬೇಡ. ಮೇಲೆ ವರ್‌ಮ್ಯಾಜಿಕ್ ಬಗ್ಗೆ ಬರೆದದ್ದನ್ನು ಓದಿ.

ಪ್ರಶ್ನೆ: ರಿಪೇರಿಯವರು ಸೆಕ್ಯೂರ್ ಬೂಟ್ ಆಫ್ ಮಾಡಿ ಅಂತಾರೆ.

ಅವರಿಗೆ ಅದೊಂದೇ ಮದ್ದು ಗೊತ್ತು. ಸೆಕ್ಯೂರ್ ಬೂಟ್ ಅಂದರೆ ಸಹಿ ಇಲ್ಲದ್ದನ್ನು ಲೋಡ್ ಆಗಲು ಬಿಡದ ಕಾವಲು. ಆಫ್ ಮಾಡಬೇಡಿ, ಮಾಡ್ಯೂಲ್‌ಗೆ ಸಹಿ ಹಾಕಿ. ಉಬುಂಟುವಿನಲ್ಲಿ ಡಿಕೆಎಂಎಸ್ ಸಹಿಯನ್ನೂ ಹಾಕುತ್ತದೆ. ಇನ್‌ಸ್ಟಾಲ್ ಆಗುವಾಗ ಕೇಳುವ ಪಾಸ್‌ವರ್ಡ್ ನೆನಪಿಟ್ಟುಕೊಂಡು, ರೀಬೂಟ್ ಆದಾಗ ಬರುವ ನೀಲಿ ಸ್ಕ್ರೀನಲ್ಲಿ ಕೀ ಎನ್‌ರೋಲ್ ಮಾಡಿ.

ಪ್ರಶ್ನೆ: ಹೊಸ ಡಿಸ್ಕ್ ಡ್ರೈವರ್ ಹಾಕಿ ಡೆಪ್‌ಮಾಡ್ ಓಡಿಸಿದರೂ ಬೂಟ್ ಆಗುವಾಗ ಹಳೆಯದೇ ಬರುತ್ತದೆ.

ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿನಲ್ಲೇ ಲೋಡ್ ಆಗುವ ಪುಟ್ಟ ಫೈಲ್ ಕಟ್ಟು) ಒಳಗೆ ಹಳೆಯ ಪ್ರತಿ ಕೂತಿದೆ. 'ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು' ಓಡಿಸಿ.

ಪ್ರಶ್ನೆ (ಮಡಗಾಂವ್): ಫ್ರೀಬಿಎಸ್‌ಡಿಯಲ್ಲಿ ಕೆಎಲ್‌ಡಿಕಾನ್ಫಿಗ್‌ಗೆ ಹೊಸ ಫೋಲ್ಡರ್ ಕೊಟ್ಟ ಮೇಲೆ ಬೇರೆ ಯಾವ ಮಾಡ್ಯೂಲೂ ಸಿಗುತ್ತಿಲ್ಲ.

ಫ್ರೀಬಿಎಸ್‌ಡಿ ಲಿನಕ್ಸ್ ಅಲ್ಲ, ಬೇರೆಯದೇ ಸಿಸ್ಟಮ್. ಅಲ್ಲಿ ಮಾಡ್ಯೂಲ್ ಹುಡುಕುವ ಪಾತ್ ಬದಲಿಸುವ ಕಮಾಂಡ್ ಈ ಕೆಎಲ್‌ಡಿಕಾನ್ಫಿಗ್. ನೀವು '-ಎಂ' ಬಿಟ್ಟಿದ್ದೀರಿ. ಅದಿಲ್ಲದಿದ್ದರೆ ಹೊಸ ಪಾತ್ ಹಳೆಯದಕ್ಕೆ ಸೇರುವುದಿಲ್ಲ, ಹಳೆಯದನ್ನು ಅಳಿಸಿ ತಾನು ಕೂರುತ್ತದೆ. /ಬೂಟ್/ಕರ್ನಲ್ ಮತ್ತು /ಬೂಟ್/ಮಾಡ್ಯೂಲ್ಸ್ ಎರಡನ್ನೂ ವಾಪಸ್ ಸೇರಿಸಿ, '-ಆರ್' ಕೊಟ್ಟು ಪಟ್ಟಿ ನೋಡಿ. ಫ್ರೀಬಿಎಸ್‌ಡಿ ಕರ್ನಲ್ ಈ ಪಾತ್‌ನಲ್ಲಿ ತಾನೇ ಹುಡುಕುತ್ತದೆ, ಹಾಗಾಗಿ ಅಲ್ಲಿ /ಟಿಎಂಪಿ ತರಹದ ಎಲ್ಲರೂ ಬರೆಯಬಹುದಾದ ಫೋಲ್ಡರ್ ಸೇರಿಸಿದ್ದರೆ ಇವತ್ತೇ ತೆಗೆಯಿರಿ.